ಬೆಟ್ಟದ ಮೇಲಿನ ಹಳೇ ನೋಟೊ

ನಮ್ಮ ಅತ್ತೆ ಕ್ಯಾಲಿಫೋರ್ನಿಯಾದ ಸರಟೋಗಾದ ನಮ್ಮ ಮನೆಗೆ ಬಂದಾಗಿನಿಂದ ಮಲಗುವುದು ಮುಂಬಾಗಿಲಿನ ಪಕ್ಕದಲ್ಲಿ, ನೆಲದ ಮೇಲೆ. ಮಹಡಿಯಲ್ಲಿ ಅವರಿಗೆಂದೇ ಒಂದು ರೂಮಿದೆ, ಒಳ್ಳೆಯ ಮಂಚವಿದೆ, ಕಿಟಕಿ ತೆಗೆದರೆ ಎದುರಿಗೇ ಗುಡ್ಡ. ಆ ರೂಮಿನಲ್ಲಿ ಅವರ ಸೀರೆಗಳಿರುತ್ತವೆ, ಅವರಿರುವುದಿಲ್ಲ. ಬೆಳಿಗ್ಗೆ ಡೆಲಿವರಿಯವನು ಬಾಗಿಲ ಮುಂದೆ ಡಬ್ಬ ಇಟ್ಟು ಫೋಟೊ ತೆಗೆಯುವ ಹೊತ್ತಿಗೆ, ಬಾಗಿಲ ಪಕ್ಕದ ಗಾಜಿನಾಚೆ ಚಾಪೆ ಸುತ್ತುತ್ತಿರುವ ಮುದುಕಿ ಕಂಡರೆ ಅವನು ಏನಂದುಕೊಂಡಾನು ಅಂತ ನನಗೆ ಚಿಂತೆ. ನಾನು ಮೈಸೂರಿನವಳು. ಜನ ಏನಂದುಕೊಳ್ಳುತ್ತಾರೆ ಅನ್ನುವುದರಲ್ಲೇ ನಮ್ಮ ಅರ್ಧ ಆಯಸ್ಸು ಹೋಗುತ್ತದೆ.

"ಅವರಿಗೆ ಹಳ್ಳಿ ಅಭ್ಯಾಸ" ಅಂತ ಮನೆಗೆ ಬಂದವರಿಗೆಲ್ಲ ಅವರು ಕೇಳುವ ಮೊದಲೇ ಹೇಳಿಬಿಡುತ್ತಿದ್ದೆ. ಅತ್ತೆ ಯಾಕೆ ಅಲ್ಲಿ ಮಲಗುತ್ತಾರೆ ಅಂತ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ನನ್ನ ಗಂಡ ಹೇಳಿದ್ದರು. ಅತ್ತೆಯ ತವರು ಲಾತೂರಿನ ಕಡೆ, ಕಿಲ್ಲಾರಿಯ ಹತ್ತಿರದ ಒಂದು ಹಳ್ಳಿ. ಕೊಟ್ಟ ಮನೆ ಗಡಿಯ ಈಚೆ, ಆಳಂದ ತಾಲ್ಲೂಕು. ತೊಂಬತ್ಮೂರರ ಭೂಕಂಪದಲ್ಲಿ ತವರು ಪೂರ್ತಿ ಹೋಯಿತು. ತಾಯಿ, ಅಣ್ಣ, ಅತ್ತಿಗೆ, ಅಣ್ಣನ ಮಕ್ಕಳು. ಗಣಪತಿ ಕಳಿಸಿ ಬಂದು ಮಲಗಿದ್ದವರು, ಮತ್ತೆ ಏಳಲಿಲ್ಲ. ಇದನ್ನು ನನ್ನ ಗಂಡ ಹೇಳಿದ್ದು ಒಂದೇ ಸಲ. ನಾನು "ಅಯ್ಯೋ ಪಾಪ" ಅಂದದ್ದೂ ಒಂದೇ ಸಲ. ಆಮೇಲೆ ಅದು ಅತ್ತೆಯ ಬಗ್ಗೆ ನನಗೆ ಗೊತ್ತಿರುವ ಉಳಿದ ಸಂಗತಿಗಳ ಜೊತೆ ಹೋಗಿ ಕೂತುಕೊಂಡಿತು. ಅವರಿಗೆ ಶುಗರ್ ಇದೆ, ಎಣ್ಣೆಗಾಯಿ ಅಂದರೆ ಇಷ್ಟ, ತವರಿಲ್ಲ.

ಹೋದ ವರ್ಷ ಬೇಸಿಗೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಇಲ್ಲಿ ಸಣ್ಣಗೆ ಭೂಮಿ ಅಲ್ಲಾಡಿತು. ಇಲ್ಲಿಯವರಿಗೆ ಅದೊಂದು ದೊಡ್ಡ ವಿಷಯವಲ್ಲ. ಫೋನು ಕಿರುಚಿಕೊಂಡಿತು, ಊಟದ ಮೇಜಿನ ಮೇಲಿನ ದೀಪ ತೂಗಾಡಿತು, ಅಷ್ಟೆ. ನಾನು ಮನೆಯಿಂದಲೇ ಮೀಟಿಂಗಿನಲ್ಲಿದ್ದೆ. ಪಾಲೋ ಆಲ್ಟೋ ಆಫೀಸಿನಲ್ಲಿದ್ದವರು, ಮನೆಯಲ್ಲಿದ್ದವರು ಎಲ್ಲರೂ ಪರದೆಯೊಳಗೆ ನಗುತ್ತಾ "ನಿಮಗೂ ಗೊತ್ತಾಯ್ತಾ, ನಿಮಗೂ ಗೊತ್ತಾಯ್ತಾ" ಅಂತ ಕೇಳುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಒಂದು ಕೂಗು ಎದ್ದಿತು. "ಹೊರಗ ಬರ್ರೀ! ಎಲ್ಲಾರೂ ಹೊರಗ ಬರ್ರೀ!" ನನ್ನ ಮೈಕು ಆನಾಗಿತ್ತು. ಒಬ್ಬ ಪಾಪದ ಮನುಷ್ಯ, ನಿಮ್ಮ ಮನೆಯಲ್ಲಿ ಎಲ್ಲ ಕ್ಷೇಮವೇ ಅಂತ ಕೇಳಿದ. ನಾನು ಟಿವಿ ಶಬ್ದ ಅಂತ ಸುಳ್ಳು ಹೇಳಿ ಕ್ಯಾಮೆರಾ ಮುಚ್ಚಿ ಕೆಳಗಿಳಿದೆ.

ಅತ್ತೆ ಬರಿಗಾಲಲ್ಲಿ ಮುಂದಿನ ಹುಲ್ಲಿನ ಮೇಲೆ ನಿಂತಿದ್ದರು. ತಲೆಗೂದಲು ಬಿಚ್ಚಿತ್ತು, ಕೈಯಲ್ಲಿ ಕಡೆಗೋಲು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಎದುರುಮನೆಯ ಹೆಂಗಸು ನಿಂತು ನೋಡುತ್ತಿದ್ದಳು. ನನಗೆ ಮಾನ ಹೋದ ಹಾಗಾಯಿತು.

"ಅತ್ತೆ, ಒಳಗೆ ಬನ್ನಿ. ಈ ಮನೆ ಬೀಳಲ್ಲ. ತಳಕ್ಕೆ ಬೋಲ್ಟು ಹಾಕಿದ್ದಾರೆ" ಅಂದೆ, ಹಲ್ಲು ಕಚ್ಚಿಕೊಂಡು.

"ಬೋಲ್ಟು ಹಾಕ್ಯಾರಂತ ಭೂಮಿಗಿ ಗೊತ್ತದೇನವಾ?" ಅಂದರು. ಒಳಗೆ ಬರಲಿಲ್ಲ. ಊಟದ ಹೊತ್ತಿನವರೆಗೂ ಅಲ್ಲೇ, ಗ್ಯಾರೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಎರಡು ಮೀಟಿಂಗಿನ ಮಧ್ಯೆ ಕಿಟಕಿಯಿಂದ ಇಣುಕಿ ಇಣುಕಿ ನೋಡಿದೆ. ಅತ್ತೆಯನ್ನಲ್ಲ, ಬೀದಿಯಲ್ಲಿ ಇನ್ಯಾರಾದರೂ ನೋಡುತ್ತಿದ್ದಾರೋ ಅಂತ.

ಆ ಹೊತ್ತಿಗೆ ನನಗೆ ಬರೋಕ್ ಅನ್ನುವ ಯುರೋಪಿನ ಹಳೇ ಅಲಂಕಾರದ ಕಟ್ಟಡಗಳ ಹುಚ್ಚು ಹಿಡಿದಿತ್ತು. ಸಂಜೆ ಹೊತ್ತು ಹತ್ತಿರದ ಕಾಲೇಜಿನಲ್ಲಿ ಕಲೆಯ ಇತಿಹಾಸದ ಕ್ಲಾಸಿಗೆ ಸೇರಿದ್ದೆ. ಮಗಳು ಕಾಲೇಜಿಗೆ ಹೋದಮೇಲೆ ಸಂಜೆಗಳು ಖಾಲಿ ಹೊಡೆಯುತ್ತಿದ್ದವು. ಅಲ್ಲಿ ಒಂದು ದಿನ ಟೀಚರು ಇಟಲಿಯ ಸಿಸಿಲಿ ದ್ವೀಪದ ಊರುಗಳನ್ನು ತೋರಿಸಿದರು. ನೋಟೊ, ರಗುಸಾ, ಮೋದಿಕಾ. ಮುನ್ನೂರು ವರ್ಷಕ್ಕೂ ಹಿಂದೆ ಒಂದು ಭೂಕಂಪ ಬಂದು ಆ ಕಡೆಯ ಊರೂರೇ ನೆಲಸಮವಾದವಂತೆ. ಆಮೇಲೆ ಬದುಕಿ ಉಳಿದವರು ಸುಮ್ಮನೆ ಗೋಡೆ ಎಬ್ಬಿಸಿಕೊಳ್ಳಲಿಲ್ಲ. ಜೇನಿನ ಬಣ್ಣದ ಕಲ್ಲು ತಂದು, ಬಾಗಿದ ಮುಖಮಂಟಪಗಳ ಚರ್ಚು, ಅಗಲವಾದ ಮೆಟ್ಟಿಲು, ಸಿಂಹಗಳೂ ಕುದುರೆಗಳೂ ಮೀನಿನ ಬಾಲದ ಹೆಂಗಸರೂ ಬೆನ್ನುಕೊಟ್ಟು ಹೊತ್ತ ಬಾಲ್ಕನಿ, ಹೀಗೆ ಊರಿಗೆ ಊರನ್ನೇ ಮದುವೆಮನೆಯ ಹಾಗೆ ಸಿಂಗರಿಸಿ ಕಟ್ಟಿದರು. ನನಗೆ ರೋಮಾಂಚನವಾಯಿತು. ಬಿದ್ದು ಎದ್ದವರ ಕತೆ ಅಂದರೆ ಈ ಸಿಲಿಕಾನ್ ಕಣಿವೆಯ ಜನಕ್ಕೆ ಪ್ರಾಣ. ಕಂಪನಿ ಮುಳುಗಿಸಿದವನು ಕೂಡ ಇಲ್ಲಿ ವೇದಿಕೆ ಹತ್ತಿ ಅದರಿಂದ ಏನು ಕಲಿತೆ ಅಂತ ಭಾಷಣ ಮಾಡುತ್ತಾನೆ, ಚಪ್ಪಾಳೆಯೂ ಬೀಳುತ್ತದೆ. ನಾನೂ ಇಲ್ಲಿದ್ದು ಇದ್ದು ಹಾಗೇ ಆಗಿದ್ದೇನೆ ಅಂತ ಕಾಣುತ್ತದೆ. ಎದ್ದವರ ಕಡೆಗೇ ನನ್ನ ಕಣ್ಣು ಹೋಗುತ್ತದೆ.

ಶ್ರಾವಣದಲ್ಲಿ, ಮಗಳಿಗೆ ರಜ ಇದ್ದಾಗ, ಸಿಸಿಲಿಗೆ ಹೊರಟೆವು. ಅತ್ತೆಯನ್ನು ಒಬ್ಬರನ್ನೇ ಬಿಟ್ಟುಹೋಗುವ ಹಾಗಿರಲಿಲ್ಲ, ಅದಕ್ಕೇ ಕರೆದುಕೊಂಡು ಹೋದೆವು. ಕರೆದುಕೊಂಡು ಹೋದೆವು ಅನ್ನುವುದೂ ದೊಡ್ಡ ಮಾತೇ. ಸಾಮಾನಿನ ಜೊತೆ ಸೇರಿಸಿಕೊಂಡೆವು. ಅವರು ಹೊರಡುವ ಹಿಂದಿನ ದಿನ ಶೇಂಗಾ ಉಂಡಿ ಕಟ್ಟಿ ಸ್ಟೀಲಿನ ಡಬ್ಬಿಗೆ ತುಂಬಿದರು. "ಇಟಲಿಯಲ್ಲಿ ಊಟ ಸಿಗುತ್ತೆ ಅತ್ತೆ, ಅವರೂ ಮನುಷ್ಯರೇ" ಅಂದೆ. "ಇರ್ಲಿ ಬಿಡವಾ, ಹಬ್ಬದ ಸಮ್ಯಾ" ಅಂದರು. ಯಾವ ಹಬ್ಬ ಅಂತ ನಾನು ಕೇಳಲಿಲ್ಲ.

ನೋಟೊದ ದೊಡ್ಡ ಚರ್ಚಿನ ಮೆಟ್ಟಿಲ ಮೇಲೆ ಕೂತು ನಾನು ಅತ್ತೆಗೆ ಕನ್ನಡದಲ್ಲಿ ಎಲ್ಲ ವಿವರಿಸಿದೆ. ಕ್ಲಾಸಿನಲ್ಲಿ ಕಲಿತದ್ದನ್ನು ಯಾರಿಗಾದರೂ ಹೇಳಬೇಕಲ್ಲ. ಮಗಳು ಫೋನಿನಲ್ಲಿ ಮುಳುಗಿದ್ದಳು, ಗಂಡ ಕಾರು ನಿಲ್ಲಿಸಿದ ಜಾಗ ಸರಿಯಾಗಿದೆಯೋ ಇಲ್ಲವೋ ಅಂತ ಒದ್ದಾಡುತ್ತಿದ್ದರು. ಅತ್ತೆ ಒಬ್ಬರೇ ಕಿವಿಗೊಟ್ಟು ಕೇಳಿದರು. ಊರು ಮೊದಲು ಇಲ್ಲಿರಲಿಲ್ಲ, ಬೆಟ್ಟದ ಮೇಲಿತ್ತು, ಅಲ್ಲಿ ಬಿದ್ದದ್ದನ್ನು ಬಿಟ್ಟು ಇಲ್ಲಿ ಕೆಳಗೆ ಹೊಸದಾಗಿ ಕಟ್ಟಿದರು ಅಂದೆ.

"ಮಂದಿ ಬಂದ್ರೇನು ಸುಮ್ಕ?" ಅಂತ ಕೇಳಿದರು.

"ಇಲ್ಲ, ತುಂಬ ಜನ ಒಲ್ಲೆ ಅಂದರಂತೆ. ಜಗಳ ಆಯ್ತಂತೆ. ಹಳೇ ಊರು ಬಿಟ್ಟು ಬರಲ್ಲ ಅಂತ."

"ಅನ್ನೂದೇ ಮತ್ತ" ಅಂದರು ಅತ್ತೆ. ಸ್ವಲ್ಪ ಹೊತ್ತು ಆ ಚಿನ್ನದಂಥ ಕಲ್ಲನ್ನು ನೋಡಿದರು. "ಆ ಹಳೀ ಊರು ಇನ್ನಾ ಅದ ಏನು?"

"ಇದೆ. ಹಾಗೇ ಬಿದ್ದಿದೆ ಬೆಟ್ಟದ ಮೇಲೆ. ಗಿಡಗಂಟಿ ಬೆಳೆದು."

"ಅಲ್ಲಿಗಿ ಹೋಗೂಣೇನು?"

ಕಾರಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿಯೂ ಅಲ್ಲ. ಆದರೆ ಮೋದಿಕಾದಲ್ಲಿ ಚಾಕೊಲೇಟು ಮಾಡುವುದನ್ನು ತೋರಿಸುವ ಅಂಗಡಿಗೆ ನಾನು ಮೊದಲೇ ಬುಕ್ ಮಾಡಿದ್ದೆ. ಅದು ತಪ್ಪಿದರೆ ಎಂಬ ಗಾಬರಿ ನನಗೆ. "ಅಲ್ಲಿ ಕಲ್ಲು ಬಿಟ್ಟರೆ ಏನಿದೆ ಅತ್ತೆ? ನೋಡೋಕೆ ಏನೂ ಇಲ್ಲ" ಅಂದೆ. ಅವರು ಇನ್ನೊಂದು ಸಲ ಕೇಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದರು.

ಮೋದಿಕಾದ ದಾರಿಯಲ್ಲಿ ಟ್ರಾಕ್ಟರೊಂದರ ಹಿಂದೆ ಸಿಕ್ಕಿಹಾಕಿಕೊಂಡು ಕಾರು ತೆವಳುತ್ತಿತ್ತು. ನನಗೂ ಮಗಳಿಗೂ ಹೊಟ್ಟೆ ಚುರುಗುಟ್ಟಿತು. "ಅತ್ತೆ, ನಿಮ್ಮ ಬ್ಯಾಗಲ್ಲಿ ಉಂಡಿ ಇರಬೇಕಲ್ಲ" ಅಂತ ಹಿಂದಕ್ಕೆ ಕೈ ಚಾಚಿದೆ. ಅವರು ಕೈಚೀಲದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ಉಂಡಿ ತೆಗೆದರು. ಕೊಡುವ ಮೊದಲು ಸ್ವಲ್ಪ ತಡೆದರು. ತಡೆದರು ಅನ್ನುವುದು ಈಗ ನೆನಪಾಗುತ್ತಿದೆ, ಆಗ ನನಗೆ ಕಂಡದ್ದು ಉಂಡಿ ಮಾತ್ರ. ನಾನೊಂದು, ಮಗಳೊಂದು ತಿಂದೆವು. ಬೆಲ್ಲ ಚೆನ್ನಾಗಿ ಹಿಡಿದಿತ್ತು. "ಚಾಕೊಲೇಟಿಗಿಂತ ಇದೇ ವಾಸಿ ಬಿಡಿ" ಅಂತ ಹೊಗಳಿದೆ ಕೂಡ.

ವಾಪಸ್ ಬಂದ ಮೇಲೆ ಫೋಟೊ ತೋರಿಸದೆ ಇರಲಿಕ್ಕಾಗುತ್ತದೆಯೇ? ಇಲ್ಲಿ ನಮ್ಮ ಕನ್ನಡದ ಮನೆಗಳಲ್ಲಿ ಅದೊಂದು ಕಟ್ಟಳೆ. ಯಾರು ಎಲ್ಲಿಗೆ ಹೋಗಿಬಂದರೂ ಒಂದು ಭಾನುವಾರ ಪಾಟ್‌ಲಕ್ ಕರೆಯಬೇಕು. ಒಬ್ಬರು ಬಿಸಿಬೇಳೆ ಬಾತು, ಒಬ್ಬರು ಕೋಸಂಬರಿ, ಒಬ್ಬರು ಅಂಗಡಿಯ ರಸಮಲಾಯಿ ತರಬೇಕು. ಟಿವಿಯಲ್ಲಿ ಫೋಟೊ ಓಡಬೇಕು, ಹೋಗಿಬಂದವರು ಮುಂದೆ ನಿಂತು ಮಾತಾಡಬೇಕು. ಬೇರೆಯವರ ಅಲಾಸ್ಕವನ್ನೂ ಪೆರುವನ್ನೂ ನಾನು ಆಕಳಿಕೆ ನುಂಗಿಕೊಂಡು ನೋಡಿದ್ದೇನೆ. ಈ ಸಲ ನನ್ನ ಸರದಿ. ವಾರವಿಡೀ ತಯಾರಿ ಮಾಡಿದ್ದೆ.

ಅವತ್ತು ಮಧ್ಯಾಹ್ನ ಮನೆ ತುಂಬಿತ್ತು. ಪಕ್ಕದ ಬೀದಿಯ ಡಾಕ್ಟರಮ್ಮ ಬಂದಿದ್ದರು, ನಮ್ಮ ಮೈಸೂರಿನವರೇ, ಗಂಭೀರ ಹೆಂಗಸು. ಮಾರ್ಗನ್ ಹಿಲ್‌ನಿಂದ ಮಂಡ್ಯದ ಗೆಳೆಯರೊಬ್ಬರು ಸಂಸಾರ ಸಮೇತ ಬಂದಿದ್ದರು. ಅವರು ನಕ್ಕರೆ ಬೀದಿಗೆ ಕೇಳಿಸುತ್ತದೆ, ಆದ್ದರಿಂದ ಅವರಿದ್ದರೆ ಮಾತಾಡುವವರಿಗೆ ಹುರುಪು. ಇನ್ನೂ ಕೆಲವರು ಸೋಫಾದಲ್ಲಿ, ನೆಲದ ಮೇಲೆ. ಅತ್ತೆ ಅಡುಗೆಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಅದನ್ನು ಮಾಡಿ ಅಂತ ನಾನೇ ಹೇಳಿದ್ದೆ. ಜನಕ್ಕೆ ಇಷ್ಟವಾಗುತ್ತೆ ಅನ್ನುವುದು ಒಂದು ಕಾರಣ. ಅವರು ಒಳಗಿರುತ್ತಾರೆ ಅನ್ನುವುದು ಇನ್ನೊಂದು.

ಮಾತು ಚೆನ್ನಾಗಿ ಹರಿಯಿತು. ರಗುಸಾದವರು ಎಲ್ಲಿ ಕಟ್ಟಬೇಕು ಅಂತ ಜಗಳವಾಡಿ ಒಂದೂರು ಎರಡೂರಾದದ್ದನ್ನು ಹೇಳಿದಾಗ ಮಾರ್ಗನ್ ಹಿಲ್‌ನವರು, "ಓಹೋ, ನಮ್ಮ ಕನ್ನಡ ಕೂಟದೋರೇ ಬಿಡಿ" ಅಂದರು. ಎಲ್ಲರೂ ಗೊಳ್ಳೆಂದರು. ನೋಟೊದ ಚರ್ಚಿನ ಫೋಟೊ ಬಂದಾಗ ನಾನು ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತು ಹೇಳಿದೆ. "ಒಂದು ಲೆಕ್ಕದಲ್ಲಿ ಬಿದ್ದದ್ದೇ ಒಳ್ಳೇದಾಯ್ತು ನೋಡಿ. ಭೂಕಂಪ ಆಗದೇ ಇದ್ದಿದ್ರೆ ಇದೆಲ್ಲ ಎಲ್ಲಿರ್ತಿತ್ತು?" ಸೋಫಾದ ತಲೆಗಳು ಹೌದು ಹೌದು ಅಂತ ಅಲ್ಲಾಡಿದವು.

ಆಗ ಡಾಕ್ಟರಮ್ಮ ಕೇಳಿದರು, "ನಿಮ್ಮತ್ತೆಗೆ ಹೇಗನ್ನಿಸ್ತು? ಅವರಿಗೆ ಇಷ್ಟ ಆಯ್ತಾ?"

ನಕಲು ಮಾಡುವುದು ನನ್ನ ಹುಟ್ಟುಗುಣ. ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನು ಮಾಡಿ ತೋರಿಸುತ್ತಿದ್ದೆ, ಈಗ ಆಫೀಸಿನಲ್ಲಿ ಬಾಸನ್ನು. ಅತ್ತೆಯನ್ನು ಕೂಡ ಗೆಳತಿಯರ ಮುಂದೆ ಎಷ್ಟೋ ಸಲ ಮಾಡಿದ್ದೆ. ದುಪಟ್ಟಾವನ್ನು ಸೆರಗಿನ ಹಾಗೆ ತಲೆಯ ಮೇಲೆ ಎಳೆದುಕೊಂಡೆ. ಬೆನ್ನು ಬಗ್ಗಿಸಿದೆ. ಮೊಣಕಾಲ ಮೇಲೆ ಕೈಯಿಟ್ಟು ದನಿ ಎಳೆದೆ. "ಯವ್ವಾ, ಈ ಹೊಸಾದೆಲ್ಲ ಬ್ಯಾಡವಾ ನಂಗ! ಆ ಬಿದ್ದ ಊರು ಎಲ್ಲದ? ನಡೀ, ಬಿದ್ದ ಊರು ತೋರ್ಸು!"

ಮನೆ ಹಾರಿಹೋಗುವಷ್ಟು ನಗು. ಮಾರ್ಗನ್ ಹಿಲ್‌ನವರು ಕಣ್ಣೊರೆಸಿಕೊಳ್ಳುತ್ತಾ, "ಅಲ್ಲಾ, ಇಟಲಿಗೋಗಿ ಮುರಕಲು ಗೋಡೆ ನೋಡ್ಬೇಕಾ? ಹಂಪೆ ಸಾಲ್ದಾ ಅಜ್ಜಿಗೆ!" ಅಂದರು. ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, ಇನ್ನೊಂದು ಸಲ ಮಾಡಿ ತೋರಿಸಿದೆ. ಜನ ಬೇಡಿದರೆ ನನಗೆ ಮೈಮೇಲೆ ಜ್ಞಾನ ಇರುವುದಿಲ್ಲ.

"ಅಮ್ಮಾ, ಸ್ಟಾಪ್ ಇಟ್" ಅಂದಳು ಮಗಳು. ಅವಳ ಕಣ್ಣು ನನ್ನ ಹಿಂದೆ ಎಲ್ಲೋ ಇತ್ತು.

ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಮಿರ್ಚಿ ಭಜಿಯ ತಟ್ಟೆ ಹಿಡಿದು ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ದುಪಟ್ಟಾ ಇನ್ನೂ ನನ್ನ ತಲೆಯ ಮೇಲೆಯೇ ಇತ್ತು. ಅವರು ಕೂಡ ನಗುತ್ತಿದ್ದರು. ಎಲ್ಲರೂ ನಗುವಾಗ ತಾನು ನಗದೆ ನಿಂತರೆ ಚೆನ್ನಾಗಿರುವುದಿಲ್ಲ ಅಂತ ನಗುತ್ತಾರಲ್ಲ, ಹಾಗೆ. ತಟ್ಟೆಯನ್ನು ಮೇಜಿನ ಮೇಲಿಟ್ಟರು.

ಡಾಕ್ಟರಮ್ಮನಿಗೆ ಇರಿಸುಮುರಿಸಾಯಿತು ಅಂತ ಕಾಣುತ್ತದೆ. ಅವರು ಮೃದುವಾಗಿ, "ಯಾಕಮ್ಮಾ, ಅಲ್ಲಿ ಏನು ನೋಡಬೇಕು ಅಂತಿತ್ತು ನಿಮಗೆ?" ಅಂತ ಕೇಳಿದರು.

"ನೋಡೂದೇನಿದ್ದಿಲ್ರಿ" ಅಂದರು ಅತ್ತೆ. "ಅವತ್ತ ಪಂಚಮಿ ಇತ್ತು."

ಯಾರಿಗೂ ಅರ್ಥವಾಗಲಿಲ್ಲ. ಹಳೇ ಮೈಸೂರಿನ ನಮಗೆ ನಾಗರ ಪಂಚಮಿ ಅಂದರೆ ಹುತ್ತಕ್ಕೆ ಹಾಲು, ಅಷ್ಟೆ. ಅತ್ತೆ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಹೇಳಿದರು. ಯಾರನ್ನೂ ದೂರುವ ದನಿಯಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವ ದನಿ.

"ನಮ್ಮ ಕಡಿ ಪಂಚಮಿಗಿ ಹೆಣ್ಮಕ್ಕಳು ತವರಿಗಿ ಹೋಗ್ತಾರ್ರಿ. ಅಣ್ಣ ಬಂದು ಕರ್ಕೊಂಡು ಹೋಗ್ಬೇಕು. ಕರೀಲಾರ್ದ ಹೋಗಬಾರ್ದು, ತಾನಾಗೇ ಬಂದಾಳ ಅಂತಾರ. ನಮ್ಮಣ್ಣ ಮನಿ ಬಿದ್ದು ಮಣ್ಣಾಗ ಹೋದ. ನಮ್ಮವ್ವನೂ ಹೋದ್ಳು. ಇನ್ನ ಯಾರು ಕರೀಬೇಕು? ಅವತ್ತಿಂದ ನಾ ನಮ್ಮೂರ ದಿಕ್ಕಿಗಿ ಹೋಗಿಲ್ಲ. ಆವಾಗ ನಮ್ಮ ಮನಿಯವರು ಹೋಗಿ ನೋಡಿ ಬಂದ್ರು. ನಾನೂ ಬರ್ತೀನಿ ಅಂತ ಕಾಲು ಹಿಡ್ಕೊಂಡೆ. ಅಲ್ಲಿ ಕಲ್ಲು ಬಿಟ್ರ ಏನದ ಅಂದ್ರು."

ನನ್ನ ಗಂಡ ಸೋಫಾದ ತುದಿಯಲ್ಲಿ ಕೂತಿದ್ದವರು ತಲೆ ತಗ್ಗಿಸಿದರು.

"ಈ ಇಟಲಿಯಾಗಿನ ಊರು ನನ್ನ ತವರಲ್ಲ. ಯಾರ ತವರೋ ಏನೋ. ಅಲ್ಲಿಗಿ ಹೋಗ್ಲಿಕ್ಕಿ ಯಾರೂ ಕರೀಬೇಕಾಗಿಲ್ಲಲ್ರಿ. ಒಂದು ಕಲ್ಲಿನ ಮ್ಯಾಲ ಕುಂತು, ಎರಡು ಉಂಡಿ ಇಟ್ಟು ಬರೂಣಂತ ಮಾಡಿದ್ದೆ. ಮಣ್ಣಾಗ ಹೋದೋರಿಗಿ ಯಾವ ಊರಾದ್ರೇನು?" ಅಂದರು. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿ, "ಮಿರ್ಚಿ ತಗೋರಿ, ಆರ್ತಾವ" ಅಂದು ಒಳಗೆ ಹೋದರು.

ಎರಡು ಉಂಡಿ. ನನ್ನ ಬಾಯಿಗೆ ಆ ಬೆಲ್ಲದ ರುಚಿ ಬಂತು. ಸತ್ತವರಿಗೆ ಅಂತ ಎತ್ತಿಟ್ಟುಕೊಂಡಿದ್ದನ್ನು ಹಿಂದಕ್ಕೆ ಕೈ ಚಾಚಿ ಇಸಿದುಕೊಂಡು ತಿಂದವಳು ನಾನು. ತಿಂದು ಹೊಗಳಿದವಳು. ಕಾಲು ಹಿಡಿದು ಬೇಡಿದ ಹೆಂಗಸಿಗೆ ಅವತ್ತು ಅವರ ಗಂಡ ಏನು ಹೇಳಿದ್ದರೋ ಅದನ್ನೇ, ಒಂದಕ್ಷರ ಬಿಡದೆ, ಚಾಕೊಲೇಟಿನಂಗಡಿಯ ಅವಸರದಲ್ಲಿ ನಾನೂ ಹೇಳಿದ್ದೆ. ಇಂಥ ಹೊತ್ತಿನಲ್ಲಿ ಭೂಮಿ ಬಾಯಿಬಿಟ್ಟು ನುಂಗಬಾರದೇ ಅಂತ ನಮ್ಮವರು ಅನ್ನುತ್ತಾರೆ. ನನ್ನ ಮನಸ್ಸಿಗೂ ಅದೇ ಮಾತು ಬಂತು. ತವರನ್ನೇ ಭೂಮಿಗೆ ಕೊಟ್ಟವರಿರುವ ಮನೆಯಲ್ಲಿ ನಿಂತು ಆ ಮಾತು ಅಂದುಕೊಳ್ಳುವುದಕ್ಕೂ ನನಗೆ ನಾಚಿಕೆಯಾಯಿತು.

ಟಿವಿಯಲ್ಲಿ ಫೋಟೊಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಮೀನಿನ ಬಾಲದ ಹೆಂಗಸು, ಸಿಂಹ, ಚಾಕೊಲೇಟಿನ ತಟ್ಟೆ ಹಿಡಿದು ನಗುತ್ತಿರುವ ನಾನು. ರಿಮೋಟು ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ಯಾರೋ ಊಟ ಬಡಿಸೋಣವೇ ಅಂದರು. ಮಾರ್ಗನ್ ಹಿಲ್‌ನವರು ಬಿಸಿಬೇಳೆ ಬಾತನ್ನು ಸದ್ದಿಲ್ಲದೆ ತಿಂದು, ಹೊರಡುವಾಗ ಅಡುಗೆಮನೆಗೆ ಹೋಗಿ ಅತ್ತೆಗೆ ಕೈಮುಗಿದು, "ತಪ್ಪು ತಿಳ್ಕೋಬೇಡಿ ಕಣಮ್ಮಾ" ಅಂದರು. ಅದನ್ನು ನಾನು ಹೇಳಬೇಕಿತ್ತು. ಅವರಿಗೆ ಬಂದಷ್ಟು ಸಲೀಸಾಗಿ ನನಗೆ ಬರಲಿಲ್ಲ.

ಎಲ್ಲರೂ ಹೋದಮೇಲೆ ಗ್ಯಾರೇಜಿನಲ್ಲಿ ಗಂಡನ ಮೇಲೆ ಹರಿಹಾಯ್ದೆ. ತಪ್ಪು ಮಾಡಿದಾಗ ಇನ್ನೊಬ್ಬರ ಮೇಲೆ ರೇಗುವುದು ನನಗೆ ಮೊದಲಿಂದ ಬಂದ ವಿದ್ಯೆ. "ಕಾರಲ್ಲಿ ನೀವೂ ಇದ್ರಲ್ಲ. ಪಂಚಮಿ ಅಂತ ನಿಮಗೆ ಗೊತ್ತಿರಲಿಲ್ವಾ? ಬಾಯಿಗೇನು ಬೀಗ ಹಾಕ್ಕೊಂಡಿದ್ರಾ?"

"ಗೊತ್ತಿತ್ತು" ಅಂದರು. ಖಾಲಿ ಡಬ್ಬಗಳನ್ನು ರೀಸೈಕ್ಲಿಂಗ್ ತೊಟ್ಟಿಗೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು. "ನೀನು ಕಲ್ಲು ಬಿಟ್ಟರೆ ಏನಿದೆ ಅಂದಾಗ ಅವ್ವನ ಮುಖ ನೋಡಿದೆ. ಅಪ್ಪ ಅಂದಾಗಲೂ ನಾ ಅಲ್ಲೇ ಇದ್ದೆ. ಕಾಲೇಜಿಂದ ಮನಿಗೆ ಬಂದಿದ್ದೆ. ನಾ ಕರ್ಕೊಂಡು ಹೋಗ್ತೀನಿ ಅವ್ವಾ ಅನ್ನೋದು ಆಗಲೂ ಬಾಯಿಗೆ ಬರಲಿಲ್ಲ."

ಅವರ ಮೇಲೆ ಕೂಗಾಡಲು ನನ್ನ ಹತ್ತಿರ ಇನ್ನೇನೂ ಉಳಿಯಲಿಲ್ಲ. ಉಳಿದ ಡಬ್ಬಗಳನ್ನು ನಾನೇ ಎತ್ತಿ ತೊಟ್ಟಿಗೆ ಹಾಕಿದೆ.

ಆಮೇಲಿನ ದಿನಗಳಲ್ಲಿ ಅತ್ತೆ ಎಂದಿನಂತೆಯೇ ಇದ್ದರು. ಅದೇ ನನಗೆ ತಡೆಯಲಾಗದ್ದು. ಬೈದಿದ್ದರೆ, ಮುನಿಸಿಕೊಂಡಿದ್ದರೆ, ಊಟ ಬಿಟ್ಟಿದ್ದರೆ ನಾನೂ ಒಂದೆರಡು ಮಾತು ಹೇಳಿ, ಅತ್ತು, ಮುಗಿಸಿಬಿಡುತ್ತಿದ್ದೆ. ಅವರು ನನ್ನ ಟಿಫಿನ್ನಿಗೆ ರೊಟ್ಟಿ ಸುತ್ತಿಡುತ್ತಿದ್ದರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬೇರೆ ಡಬ್ಬಿಯಲ್ಲಿ. ಪಾಲೋ ಆಲ್ಟೋದ ಆಫೀಸಿನಲ್ಲಿ ಮಧ್ಯಾಹ್ನ ಆ ಡಬ್ಬಿ ತೆಗೆದು ಮತ್ತೆ ಮುಚ್ಚಿಡುತ್ತಿದ್ದೆ. ಗೆಳತಿಯೊಬ್ಬಳು, "ನಿಮ್ಮತ್ತೆ ಆಕ್ಟಿಂಗ್ ಮಾಡಿ ತೋರ್ಸು, ತುಂಬ ದಿನ ಆಯ್ತು" ಅಂದಳು. ತಲೆನೋವು ಅಂತ ಎದ್ದುಹೋದೆ.

ಮಾತಿನಲ್ಲಿ ಆಗದ್ದನ್ನು ಕೆಲಸದಲ್ಲಿ ಮಾಡಿ ಮುಗಿಸೋಣ ಅಂತ ಹೊರಟೆ. ಅದೂ ಇಲ್ಲಿಯ ಬುದ್ಧಿಯೇ. ಏನು ಕೆಟ್ಟರೂ ಪ್ಲಾನು ಮಾಡಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ. ಮೊದಲು ಕಿಲ್ಲಾರಿಯ ಕಡೆಗೇ ಕರೆದುಕೊಂಡು ಹೋಗೋಣ ಅಂದುಕೊಂಡೆ. ಆದರೆ ಅಲ್ಲಿಗೆ ಕರೆಯಲು ಅಣ್ಣನೇ ಇಲ್ಲ, ಕರೆಯದೆ ಅವರು ಹೋಗುವುದಿಲ್ಲ. ಹಾಗಾದರೆ ನೋಟೊ. ಬರುವ ಶ್ರಾವಣ, ಪಂಚಮಿಗೆ ಸರಿಯಾಗಿ. ಮೋದಿಕಾ ಬೇಡ, ಚರ್ಚು ಬೇಡ, ಬಾಲ್ಕನಿ ಬೇಡ. ನೇರವಾಗಿ ಬೆಟ್ಟದ ಮೇಲಿನ ಹಳೇ ಊರಿಗೆ. ಆಫೀಸಿಗೆ ರಜ ಹೇಳಿದೆ, ವಿಮಾನ ನೋಡಿದೆ, ಬೆಟ್ಟದ ಕೆಳಗೆ ಉಳಿಯಲು ಒಂದು ತೋಟದ ಮನೆ ನೋಡಿದೆ. ಹೀಗೆ ಸಡಗರ ಮಾಡಿಕೊಳ್ಳುತ್ತಾ ನನ್ನ ಮನಸ್ಸು ಸ್ವಲ್ಪ ಹಗುರವಾಗತೊಡಗಿತು. ಹಗುರವಾದದ್ದಕ್ಕೂ ಈಗ ನಾಚಿಕೆಯೇ.

ಶನಿವಾರ ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಫೋನು ತೆಗೆದು ಬೆಟ್ಟದ ಫೋಟೊ ತೋರಿಸಿದೆ. ಮುರಿದ ಕೋಟೆಬಾಗಿಲು, ಹುಲ್ಲಿನಲ್ಲಿ ಮುಳುಗಿದ ಮನೆಗಳ ಪಾಯ, ಎಲ್ಲ ಕಡೆ ಕಲ್ಲು. ಅವರು ಸೊಪ್ಪು ಬಿಟ್ಟು, ಕೈ ಒರೆಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಅತ್ತೆ, ಬರೋ ಪಂಚಮಿಗೆ ಇಲ್ಲಿಗೆ ಹೋಗೋಣ. ನೀವು, ನಾನು ಇಬ್ಬರೇ. ಎಷ್ಟು ಹೊತ್ತು ಬೇಕಾದರೂ ಕೂತಿರಿ. ಉಂಡಿ ನಾನೇ ಕಟ್ಟುತ್ತೇನೆ, ನೀವು ಹೇಳಿಕೊಡಿ" ಅಂದೆ. ಆಮೇಲೆ, ತಡವಾಗಿ, "ಅವತ್ತು ನಾನು ಹಾಗೆ ಮಾಡಬಾರದಿತ್ತು. ತಪ್ಪಾಯ್ತು" ಅಂದೆ.

ಅವರು ಫೋನನ್ನು ನನ್ನ ಕೈಗೆ ಕೊಟ್ಟು ಸೊಪ್ಪಿನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

"ಬ್ಯಾಡವಾ" ಅಂದರು. 

"ಯಾಕತ್ತೆ? ಸಿಟ್ಟಾ?"

"ಸಿಟ್ಟಿಲ್ಲ. ನೀ ಮನಸಿಟ್ಟು ಕರ್ದಿ, ನಂಗ ತಿಳೀತದ." ಒಂದು ಕಡ್ಡಿಯಿಂದ ಎಲೆ ಬಿಡಿಸಿ ತಟ್ಟೆಗೆ ಹಾಕಿದರು. "ಆದ್ರ ಅವತ್ತ ಆ ಮಂದಿ ಎಲ್ಲಾ ನಕ್ಕರಲ್ಲ. ಇನ್ನ ನಾ ಅಲ್ಲಿ ಹೋಗಿ ಕುಂತ್ರ ಅದೇ ನಗಿ ಕಿವ್ಯಾಗ ಬರ್ತದ. ನಮ್ಮವ್ವ ಒದರಿದ್ರೂ ಕೇಳಾಂಗಿಲ್ಲ."